ಪಿನಾಕಿನಿ ಕಣಿವೆಯ ಗಿರಿದುರ್ಗಗಳು: ನೋಡುವ ಬಗೆ ಮತ್ತು ನಮ್ಮ ಪೇಟೆಗಳ ಪಾಲು

ಭಾನುವಾರದ ಬೆಳಗಿನ ಜಾವ ಬೆಂಗಳೂರು–ಹೈದರಾಬಾದ್ ಹೆದ್ದಾರಿಯಿಂದ ನಂದಿಬೆಟ್ಟದ ಕಡೆಗೆ ತಿರುಗುವ ವಾಹನಗಳ ಸಾಲು ನಮ್ಮ ಜಿಲ್ಲೆಯವರಿಗೆ ಹೊಸ ನೋಟವೇನಲ್ಲ. ಸೂರ್ಯೋದಯಕ್ಕೆ ಮುನ್ನ ಬೆಟ್ಟದ ಬಾಗಿಲಲ್ಲಿ ಕಾಯುವುದು, ಮೋಡದ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು, ಇಳಿಯುವಾಗ ಒಂದು ಲೋಟ ಕಾಫಿ ಕುಡಿಯುವುದು, ಹತ್ತು ಗಂಟೆಯ ವೇಳೆಗೆ ಮತ್ತೆ ಬೆಂಗಳೂರಿನ ದಾರಿ ಹಿಡಿಯುವುದು. ಇಷ್ಟಕ್ಕೆ ಅವರ ಪ್ರವಾಸ ಮುಗಿಯುತ್ತದೆ. ಈ ಸಾಲಿನಲ್ಲಿ ಚಿಕ್ಕಬಳ್ಳಾಪುರದ ಪೇಟೆಯವರೆಗೆ ಬರುವವರು ವಿರಳ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಹೆಸರು ಅವರಲ್ಲಿ ಬಹುಮಂದಿಗೆ ಬಸ್ಸಿನ ಫಲಕದ ಮೇಲೆ ಕಂಡದ್ದಷ್ಟೇ. ಜಿಲ್ಲೆಯ ರಸ್ತೆಗಳ ಮೇಲೆ ಅವರ ಭಾರ ಬೀಳುತ್ತದೆ, ಕಸ ಉಳಿಯುತ್ತದೆ. ವ್ಯಾಪಾರ ಮಾತ್ರ ಉಳಿಯುವುದಿಲ್ಲ.

ಈ ಪರಿಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ಫ್ರಾನ್ಸ್ ದೇಶದ ಲ್ವಾರ್ ನದಿಯ ಕಣಿವೆಯ ಉದಾಹರಣೆ ಸಹಾಯಕವಾಗಬಹುದು. ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ ಹರಿಯುವ ಆ ನದಿಯ ನಡುಭಾಗದಲ್ಲಿ, ಸುಮಾರು 280 ಕಿಲೋಮೀಟರ್ ಉದ್ದದ ಕಣಿವೆಯನ್ನು ಯುನೆಸ್ಕೋ ಸಂಸ್ಥೆಯು 2000ನೆಯ ಇಸವಿಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದುದೇನೆಂದರೆ, ಪಟ್ಟಿಗೆ ಸೇರಿದ್ದು ಒಂದು ಅರಮನೆಯಲ್ಲ, ಕಣಿವೆ. ಶಾಂಬೋರ್, ಬ್ಲ್ವಾ, ಆಂಬ್ವಾಸ್, ಶೆನೋನ್ಸೋ, ವಿಲಾಂದ್ರಿ ಮೊದಲಾದ ಕೋಟೆ–ಅರಮನೆಗಳು, ಅವುಗಳ ನಡುವಣ ಸಣ್ಣ ಊರುಗಳು, ದ್ರಾಕ್ಷಿ ತೋಟಗಳು, ಸೇತುವೆಗಳು ಎಲ್ಲವೂ ಸೇರಿ ಒಂದು ಸರಕಾಗಿವೆ. ಅಲ್ಲಿಗೆ ಹೋದವರು ದಿನಕ್ಕೆ ಎರಡು ಅಥವಾ ಮೂರು ಅರಮನೆಗಳನ್ನು ಮಾತ್ರ ನೋಡುತ್ತಾರೆ. ಹೀಗಾಗಿ ರಾತ್ರಿ ಅಲ್ಲಿಯೇ ತಂಗುತ್ತಾರೆ, ಅಲ್ಲಿಯ ಊಟ ಮಾಡುತ್ತಾರೆ, ಅಲ್ಲಿಯ ದ್ರಾಕ್ಷಾರಸವನ್ನು ಕೊಂಡೊಯ್ಯುತ್ತಾರೆ.

ಮತ್ತೊಂದು ಸಂಗತಿಯೂ ನಮ್ಮ ಸದಸ್ಯರಿಗೆ ರುಚಿಸಬಹುದು. ಆ ಅರಮನೆಗಳೆಲ್ಲ ರಾಜರವಲ್ಲ. ಶೆನೋನ್ಸೋವನ್ನು ಕಟ್ಟಿಸಿದವನು ಅರಸನ ಕಂದಾಯ ನೋಡಿಕೊಳ್ಳುತ್ತಿದ್ದ ತೋಮಾ ಬೊಯಿಯೆ. ಅವನು ಯುದ್ಧಗಳಲ್ಲಿ ಅರಸನ ಜೊತೆ ಹೊರಗಿದ್ದಾಗ ಕೆಲಸದ ಮೇಲ್ವಿಚಾರಣೆ ನಡೆಸಿದವಳು ಅವನ ಪತ್ನಿ ಕಾಥರೀನ್. 1913ರಲ್ಲಿ ಆ ಅರಮನೆಯನ್ನು ಕೊಂಡದ್ದು ಚಾಕೊಲೇಟ್ ತಯಾರಿಸುವ ಮೆನಿಯೆ ಮನೆತನ. ಇಂದಿಗೂ ಅದು ಆ ಕುಟುಂಬದ ಒಡೆತನದಲ್ಲಿಯೇ ಇದ್ದು, ಟಿಕೆಟ್ ಹಣದಿಂದ ನಡೆಯುತ್ತಿದೆ. ಇದಕ್ಕೆ ವಿರುದ್ಧವಾಗಿ, 1519ರಲ್ಲಿ ಮೊದಲನೆಯ ಫ್ರಾನ್ಸ್ವಾ ದೊರೆ ಆರಂಭಿಸಿದ, 400ಕ್ಕೂ ಹೆಚ್ಚು ಕೋಣೆಗಳ ಶಾಂಬೋರ್ ಅರಮನೆಯಲ್ಲಿ ಆ ದೊರೆ ಕಳೆದದ್ದು ತನ್ನ ಆಳ್ವಿಕೆಯಲ್ಲಿ ಒಟ್ಟು ಕೆಲವೇ ವಾರ. ನಾನೂರು ವರ್ಷ ಆದಾಯವಿಲ್ಲದೆ ನಿಂತಿದ್ದ ಆ ಕಟ್ಟಡಕ್ಕೆ 1952ರಲ್ಲಿ ಧ್ವನಿ–ಬೆಳಕಿನ ಪ್ರದರ್ಶನ ಎಂಬ ಹೊಸ ಉಪಾಯ ಹೊಳೆಯಿತು. ಇಂದು ಜಗತ್ತಿನ ಅನೇಕ ಸ್ಮಾರಕಗಳಲ್ಲಿ ರಾತ್ರಿ ನಡೆಯುವ ಆ ಬಗೆಯ ಪ್ರದರ್ಶನಕ್ಕೆ ಮೊದಲ ವೇದಿಕೆ ಶಾಂಬೋರ್. ಅದರ ವ್ಯಾಪಾರದ ಗುಟ್ಟು ಸರಳ: ಪ್ರದರ್ಶನ ರಾತ್ರಿ ನಡೆದರೆ ಪ್ರೇಕ್ಷಕನು ರಾತ್ರಿ ಊರಿನಲ್ಲಿಯೇ ಉಳಿಯಬೇಕಾಗುತ್ತದೆ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಲ್ವಾರ್ ತೀರದ ಅರಮನೆಗಳು ಬಹುಪಾಲು ವಿಲಾಸದ ಮನೆಗಳು; ಮೆದುವಾದ ಬಿಳಿ ಸುಣ್ಣಕಲ್ಲಿನಲ್ಲಿ ಕೆತ್ತಿದವು. ನಮ್ಮವು ಕಗ್ಗಲ್ಲಿನ ಯುದ್ಧದುರ್ಗಗಳು. ಅಲ್ಲಿ ಹಾಸಿಗೆ, ಪರದೆ, ಚಿತ್ರಪಟಗಳು ಉಳಿದಿವೆ. ಇಲ್ಲಿ ಗೋಡೆ, ಬಾಗಿಲು, ದೊಣೆಗಳು ಉಳಿದಿವೆ. ನೋಡುವ ಕಣ್ಣು ಬೇರೆಯಾಗಿರಬೇಕು. ಆದರೆ ಒಂದು ಕಣಿವೆಯಾಗಿ ನೋಡಬಹುದಾದ ಸಂಪತ್ತು ನಮ್ಮಲ್ಲಿಯೂ ಇದೆ ಎಂಬುದರಲ್ಲಿ ಸಂಶಯವಿಲ್ಲ.

ನೀರು ಹುಟ್ಟುವ ಬೆಟ್ಟಗಳು

ನಂದಿಗಿರಿ ಮತ್ತು ಅದರ ನೆರೆಯ ಸ್ಕಂದಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಚನ್ನಗಿರಿಗಳನ್ನು ಒಟ್ಟಿಗೆ ಪಂಚಗಿರಿಗಳೆಂದು ಕರೆಯುವುದು ವಾಡಿಕೆ. ಈ ಸಾಲು ಒಂದು ನೀರಿನ ಕವಲುದಾರಿ. ಉತ್ತರ ಪಿನಾಕಿನಿಯು ಇಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ಸಾಗಿ ಪೆನ್ನಾ ನದಿಯಾಗುತ್ತದೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕಡೆಗೆ ಇಳಿದು ತಮಿಳುನಾಡಿಗೆ ಹೋಗುತ್ತದೆ. ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿಗಳು ಉತ್ತರಕ್ಕೆ ಹರಿದು ಮುಂದೆ ಪೆನ್ನಾ ನದಿಯನ್ನೇ ಕೂಡುತ್ತವೆ. ಇಷ್ಟು ನದಿಗಳಿಗೆ ತವರಾದ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲವೆಂಬುದು ನಮ್ಮ ಹಣೆಬರಹ. ಕೊಳವೆ ಬಾವಿಗಳ ಆಳವನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೋಟೆಗಳು ಇಲ್ಲಿಯೇ ಏಕೆ ದಟ್ಟವಾಗಿವೆ ಎಂಬ ಪ್ರಶ್ನೆಗೂ ಉತ್ತರ ಈ ನೆಲದಲ್ಲಿಯೇ ಇದೆ. ಮೈದಾನದ ನಡುವೆ ಥಟ್ಟನೆ ಎದ್ದು ನಿಂತ ಬೋಳು ಬಂಡೆಗಳು; ಅವುಗಳ ಬುಡದಲ್ಲಿ ಕೆರೆ ಕಟ್ಟಲು ಅನುಕೂಲವಾದ ತಗ್ಗುಗಳು; ದಕ್ಷಿಣದ ಬಯಲಿನಿಂದ ಪೆನುಕೊಂಡೆ, ಗುತ್ತಿಗಳ ಕಡೆಗೆ ಹೋಗುವ ಸರಕಿನ ದಾರಿ. ಬಂಡೆಯ ಮೇಲೆ ಕಾವಲು, ಕೆಳಗೆ ಕೃಷಿ, ದಾರಿಯ ಮೇಲೆ ಸುಂಕ. ಈ ಮೂರು ಸೇರಿದರೆ ಒಂದು ಪಾಳೆಯಪಟ್ಟು.

ಈ ಪಾಳೆಯಪಟ್ಟುಗಳ ಮೂಲವನ್ನು ಆವತಿಯಲ್ಲಿ ಹುಡುಕಬೇಕು. ಕಂಚಿಯ ಕಡೆಯಿಂದ ಬಂಡಿಗಳಲ್ಲಿ ಹೊರಟ ಏಳು ಮಂದಿ ಒಕ್ಕಲಿಗರು 15ನೆಯ ಶತಮಾನದ ಆದಿಭಾಗದಲ್ಲಿ ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟರೆಂದೂ, ಅವರ ಮುಖಂಡ ರಣಭೈರೇಗೌಡನೆಂದೂ ಪರಂಪರೆ ಹೇಳುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಗೌಡ ಮನೆತನಗಳೂ, ಬೆಂಗಳೂರನ್ನು ಕಟ್ಟಿದ ಯಲಹಂಕ ನಾಡಪ್ರಭುಗಳೂ ಈ ಬಳ್ಳಿಯ ಕವಲುಗಳು. ರಾಜಧಾನಿಯ ಬೆಳವಣಿಗೆ ಇಂದು ನಮ್ಮ ಕಡೆಗೆ ಸರಿದು ಬರುತ್ತಿದೆ ಎನ್ನುತ್ತೇವೆ. ಇತಿಹಾಸದಲ್ಲಿ ಅದು ಇಲ್ಲಿಂದಲೇ ಆ ಕಡೆಗೆ ಹೋದದ್ದು.

ನಂದಿದುರ್ಗ

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟವನ್ನು ಕೇವಲ ಗಿರಿಧಾಮವಾಗಿ ನೋಡಿ ಬರುವವರು ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತಾರೆ. ಇದು ಮೊದಲಿಗೆ ಕೋಟೆ. ಪಾಳೆಯಗಾರರ ಕಾಲದ ರಕ್ಷಣೆಯ ಮೇಲೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಗೋಡೆಗಳನ್ನು ಬಲಪಡಿಸಿದರು. ಸುತ್ತಲೂ ಕಡಿದಾದ ಬಂಡೆಯಿರುವುದರಿಂದ ಒಂದೇ ಕಡೆಯಿಂದ ಏರಲು ಸಾಧ್ಯವಿತ್ತು; ಆ ಕಡೆಗೆ ಮಾತ್ರ ಒಂದರ ಹಿಂದೆ ಒಂದು ಗೋಡೆ.

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದ ನಂತರವೂ ಅವನ ಸೈನ್ಯಕ್ಕೆ ಅಕ್ಕಿ, ಎತ್ತು, ಮದ್ದುಗುಂಡು ಬರುತ್ತಿದ್ದ ದಾರಿಗಳ ಪಕ್ಕದಲ್ಲಿ ನಂದಿದುರ್ಗ ಟಿಪ್ಪುವಿನ ಕೈಯಲ್ಲಿಯೇ ಇತ್ತು. ಶ್ರೀರಂಗಪಟ್ಟಣದ ಮೇಲೆ ಹೋಗಬೇಕಾದರೆ ಹಿಂದಿನ ದಾರಿ ಭದ್ರವಾಗಿರಬೇಕು. ಆದುದರಿಂದ 1791ರ ಸೆಪ್ಟೆಂಬರ್ ಕೊನೆಯಲ್ಲಿ ಮೇಜರ್ ಗೌಡಿಯ ನೇತೃತ್ವದ ದಂಡು ಬೆಟ್ಟದ ಬುಡಕ್ಕೆ ಬಂದಿತು. ಇಳಿಜಾರಿನಲ್ಲಿ ದಾರಿ ಕಡಿದು ಫಿರಂಗಿಗಳನ್ನು ಮೇಲಕ್ಕೆ ಎಳೆಯುವುದೇ ದೊಡ್ಡ ಕೆಲಸವಾಯಿತು. ಸುಮಾರು ಮೂರು ವಾರ ಗುಂಡಿನ ದಾಳಿ ನಡೆದು ಗೋಡೆ ಬಿರುಕುಬಿಟ್ಟ ಮೇಲೆ ಅಕ್ಟೋಬರ್ 19ರ ಬೆಳಗಿನ ಜಾವ ಬೆಳದಿಂಗಳಲ್ಲಿ ಜನರಲ್ ಮೆಡೋಸನ ಮುಂದಾಳತ್ವದಲ್ಲಿ ಲಗ್ಗೆ ನಡೆದು ಕೋಟೆ ಬಿದ್ದಿತು. ಮೇಲಿನಿಂದ ಉರುಳಿಸಿದ ಬಂಡೆಗಳಿಂದಲೇ ದಾಳಿಕಾರರು ಹೆಚ್ಚು ಗಾಯಗೊಂಡರು. ಇಂದು ಮೆಟ್ಟಿಲು ದಾರಿಯಲ್ಲಿ ಏರುವವರು ಒಮ್ಮೆ ತಿರುಗಿ ಕೆಳಗೆ ನೋಡಿದರೆ ಆ ರಾತ್ರಿಯ ಲೆಕ್ಕಾಚಾರ ಅರ್ಥವಾಗುತ್ತದೆ.

ನೋಡುವ ಕ್ರಮ ಹೀಗಿರಲಿ. ಸುಲ್ತಾನ್‌ಪೇಟೆಯ ಕಡೆಯ ಹಳೆಯ ಮೆಟ್ಟಿಲುಗಳನ್ನು ಹತ್ತಲು ಶಕ್ತರಾದವರು ಹತ್ತಲಿ. ಇತರರು ವಾಹನದಲ್ಲಿ ಬಂದು ಕೋಟೆಯ ಬಾಗಿಲಿನ ಬಳಿ ಐದು ನಿಮಿಷ ನಿಲ್ಲಲಿ. ಬಾಗಿಲಿನ ತಿರುವು, ಗೋಡೆಯ ದಪ್ಪ, ಬುರುಜಿನ ಕಂಡಿಗಳು ಯಾವ ದಿಕ್ಕನ್ನು ಕಾಯುತ್ತವೆ ಎಂಬುದನ್ನು ಗಮನಿಸಬೇಕು. ನಂತರ ಟಿಪ್ಪುವಿನ ಬೇಸಿಗೆ ಮನೆ, ಅಮೃತ ಸರೋವರ, ಯೋಗನಂದೀಶ್ವರ ದೇವಾಲಯ. ಟಿಪ್ಪು ಡ್ರಾಪ್ ಎಂಬ ಪ್ರಪಾತದಿಂದ ಅಪರಾಧಿಗಳನ್ನು ನೂಕುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಮಾರ್ಗದರ್ಶಿಗಳು ಅದನ್ನೇ ಮೊದಲು ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು ಬ್ರಿಟಿಷ್ ಕಮಿಷನರ್ ಸರ್ ಮಾರ್ಕ್ ಕಬ್ಬನ್ನನ ಬಂಗಲೆ. ಮಹಾತ್ಮ ಗಾಂಧಿಯವರು ಆರೋಗ್ಯ ಸುಧಾರಣೆಗಾಗಿ 1927ರಲ್ಲಿಯೂ ಮತ್ತೆ 1936ರಲ್ಲಿಯೂ ಈ ಬೆಟ್ಟದಲ್ಲಿ ತಂಗಿದ್ದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ರಾಷ್ಟ್ರನಾಯಕರು ಇಲ್ಲಿಗೆ ಬಂದರು. 2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟ ಸಭೆಯೂ ಇಲ್ಲಿಯೇ ನಡೆಯಿತು.

ಬೆಟ್ಟದ ರಸ್ತೆ ಒಂದೇ ಎಂಬುದನ್ನು 2021ರ ಆಗಸ್ಟ್‌ನಲ್ಲಿ ಭೂಕುಸಿತವಾದಾಗ ಎಲ್ಲರೂ ಅರಿತರು. ಪ್ರವಾಸಿಗಳಿಗೆ ಬೆಟ್ಟ ಮತ್ತೆ ತೆರೆದದ್ದು ಡಿಸೆಂಬರ್‌ನಲ್ಲಿ. ಒಂದೇ ತಾಣವನ್ನು ನಂಬಿದ ವ್ಯಾಪಾರಿಗಳ ಪಾಡು ಆ ಮೂರು ತಿಂಗಳಲ್ಲಿ ಏನಾಯಿತೆಂಬುದನ್ನು ಬೆಟ್ಟದ ಬುಡದ ಹೋಟೆಲಿನವರನ್ನು ಕೇಳಿ ತಿಳಿಯಬಹುದು. 2023ರಲ್ಲಿ ಶಂಕುಸ್ಥಾಪನೆಯಾದ ರೋಪ್‌ವೇ ಯೋಜನೆಯು ರಸ್ತೆಯ ಒತ್ತಡವನ್ನು ಕಡಿಮೆ ಮಾಡಬಹುದು. ಆದರೆ ಏರುವ ವೇಗ ಹೆಚ್ಚಿದರೆ ಇಳಿದು ಹೋಗುವ ವೇಗವೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ಬೆಟ್ಟ ಇಳಿದವರು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ನೋಡದೆ ಹೋಗುವುದು ಲಕ್ಷ್ಮಿ ಬಂದಾಗ ಬಾಗಿಲು ಹಾಕಿದಂತೆ. 9ನೆಯ ಶತಮಾನದ ಆದಿಭಾಗದ ಶಾಸನಗಳುಳ್ಳ ಈ ದೇವಾಲಯದಲ್ಲಿ ನೊಳಂಬ, ಬಾಣ, ಚೋಳ, ಹೊಯ್ಸಳ, ವಿಜಯನಗರ ಕಾಲಗಳ ಕೆಲಸ ಒಂದರ ಪಕ್ಕದಲ್ಲಿ ಒಂದು ನಿಂತಿದೆ. ಭೋಗನಂದೀಶ್ವರ, ಅರುಣಾಚಲೇಶ್ವರ ಗುಡಿಗಳ ನಡುವೆ ಉಮಾಮಹೇಶ್ವರ ಗುಡಿ ಮತ್ತು ಅದರ ಮುಂದಿನ ಕಲ್ಯಾಣಮಂಟಪ. ಹಿಂದೆ ಮೆಟ್ಟಿಲುಗಳ ವಿಶಾಲವಾದ ಶೃಂಗಿತೀರ್ಥ. ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂಬ ನಂಬಿಕೆಯಿದೆ. ಇದು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ.

ಚಿಕ್ಕಬಳ್ಳಾಪುರ ಮತ್ತು ಸ್ಕಂದಗಿರಿ

ಕೋಡಿಮಂಚೇನಹಳ್ಳಿಯ ಬಳಿ ಮೊಲವೊಂದು ಬೇಟೆನಾಯಿಗಳನ್ನೇ ಎದುರಿಸಿದ ಗಂಡುಭೂಮಿಯನ್ನು ಕಂಡು ಆವತಿ ಮನೆತನದವರು 1479ರ ಸುಮಾರಿಗೆ ಚಿಕ್ಕಬಳ್ಳಾಪುರದ ಕೋಟೆ ಪೇಟೆಗಳನ್ನು ಕಟ್ಟಿದರೆಂಬುದು ಸ್ಥಳಕಥೆ. (ಇಂತಹ ಮೊಲ ದಕ್ಷಿಣ ಭಾರತದ ಹತ್ತಾರು ಊರುಗಳಲ್ಲಿ ಓಡಾಡಿದೆ.) 1762ರ ಸುಮಾರಿಗೆ ಹೈದರಾಲಿ ಈ ಪಾಳೆಯಪಟ್ಟನ್ನು ಮುತ್ತಿದಾಗ ಇಲ್ಲಿಯ ಗೌಡನು ನಂದಿದುರ್ಗಕ್ಕೆ ಹೋಗಿ ಗುತ್ತಿಯ ಮುರಾರಿರಾಯನ ನೆರವು ಬಯಸಿದನು. ಕೆಳಗಿನ ಪೇಟೆ ಮತ್ತು ಮೇಲಿನ ದುರ್ಗ ಒಂದಕ್ಕೊಂದು ಹೇಗೆ ಆಸರೆಯಾಗಿದ್ದವು ಎಂಬುದಕ್ಕೆ ಇದು ನಿದರ್ಶನ.

ವ್ಯಾಪಾರದ ದೃಷ್ಟಿಯಿಂದ ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಲೇಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚಿಕ್ಕಬಳ್ಳಾಪುರದ ಸಕ್ಕರೆ ಮತ್ತು ಕಲ್ಲುಸಕ್ಕರೆಯನ್ನು ಬಹುವಾಗಿ ಮೆಚ್ಚಿದ್ದಾನೆ. ಅದು ಚೀನಾದ ಸರಕಿಗೆ ಸರಿಸಮಾನವಾಗಿತ್ತು; ಆದರೆ ತಯಾರಿಕೆಯ ವಿಧಾನವನ್ನು ಬಲ್ಲವರು ಗುಟ್ಟಾಗಿ ಇಟ್ಟುಕೊಂಡಿದ್ದರು, ಬೆಲೆಯೂ ದುಬಾರಿ. ಚೀನಾದಿಂದ ಬರುವ ಅಗ್ಗದ ಸರಕಿನ ಪೈಪೋಟಿ ಇಂದಿನ ಸಮಸ್ಯೆ ಎಂದು ಭಾವಿಸಿರುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದು ಸಮಾಧಾನವನ್ನೋ ಎಚ್ಚರಿಕೆಯನ್ನೋ ನೀಡಬಹುದು. ಊರಿನ ಕೋಟೆಯಾದರೋ ಇಂದು ಬಡಾವಣೆಯ ಹೆಸರಾಗಿ ಹೆಚ್ಚು ಉಳಿದಿದೆ.

ಸ್ಕಂದಗಿರಿ ಅಥವಾ ಕಳವಾರ ದುರ್ಗವು ಊರಿನಿಂದ ಕೂಗಳತೆಯಲ್ಲಿದೆ ಎನ್ನಬಹುದು. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆಗಳು ಮತ್ತು ಒಂದು ಗುಡಿ. ರಾತ್ರಿ ಚಾರಣಕ್ಕೆ ಹೆಸರಾಗಿ, ಅದರಿಂದಲೇ ಕೆಟ್ಟ ಹೆಸರನ್ನೂ ಪಡೆದ ಈ ಬೆಟ್ಟವನ್ನು ಈಗ ಅರಣ್ಯ ಇಲಾಖೆಯ ಪರಿಸರ ಪ್ರವಾಸ ವ್ಯವಸ್ಥೆಯಡಿ ಮುಂಗಡ ಕಾಯ್ದಿರಿಸಿ, ಶುಲ್ಕ ತೆತ್ತು ಹತ್ತಬೇಕು. ಇದು ಒಳ್ಳೆಯದೇ ಆಯಿತು. ಕಾಯ್ದಿರಿಸಿದವನು ಬಂದೇ ಬರುತ್ತಾನೆ. ಬರುವವನ ಸಂಖ್ಯೆ ತಿಳಿದರೆ ತಿಂಡಿ ಮಾಡುವವನಿಗೂ ಲೆಕ್ಕ ಸಿಗುತ್ತದೆ.

ಗುಡಿಬಂಡೆ

ಕಣಿವೆಯ ಕೋಟೆಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿರುವವರಿಗೆ ನಾವು ಗುಡಿಬಂಡೆಯನ್ನೇ ಸೂಚಿಸುತ್ತೇವೆ. ಹೆದ್ದಾರಿಯಲ್ಲಿ ಪೇರೇಸಂದ್ರದ ಬಳಿ ತಿರುಗಿದರೆ ಹಳ್ಳಿಗಳ ನಡುವೆ ಸಾಗುವ ರಸ್ತೆ ಬೆಟ್ಟದ ಬುಡಕ್ಕೆ ತರುತ್ತದೆ. 17ನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಪಾಳೆಯಗಾರ ಭೈರೇಗೌಡನು ಕಟ್ಟಿಸಿದ ಕೋಟೆಯಿದು. ನೆರೆಯ ನಾಡುಗಳ ಮೇಲೆ ಬೀಳುತ್ತಿದ್ದುದರಿಂದ ಅವನಿಗೆ ಹಾವಳಿ ಭೈರೇಗೌಡ ಎಂಬ ಹೆಸರು. ಉಳ್ಳವರಿಂದ ದೋಚಿ ಇಲ್ಲದವರಿಗೆ ಹಂಚಿದನೆಂದು ಜನ ಹೊಗಳುತ್ತಾರೆ. ದೋಚಿಸಿಕೊಂಡವರು ವರ್ತಕರೇ ಆಗಿದ್ದಿರಬೇಕಾದುದರಿಂದ ನಮ್ಮ ಪತ್ರಿಕೆಯು ಈ ಹೊಗಳಿಕೆಯಲ್ಲಿ ಪೂರ್ಣವಾಗಿ ಪಾಲುಗೊಳ್ಳಲಾರದು. ಆದರೆ ಅವನ ಹೆಸರಿನಲ್ಲಿರುವ ಅಮಾನಿ ಭೈರಸಾಗರ ಕೆರೆಯನ್ನು ಕಂಡವರು ಅವನನ್ನು ಕೇವಲ ದರೋಡೆಗಾರನೆಂದು ತಳ್ಳಿಹಾಕಲಾರರು.

ಏಳು ಸುತ್ತಿನ ಈ ಕೋಟೆಯಲ್ಲಿ ಒಂದೊಂದು ಸುತ್ತಿನಿಂದ ಮೇಲಿನದಕ್ಕೆ ಹೋಗುವ ದಾರಿ ಕಿರಿದಾಗುತ್ತಾ, ತಿರುಗುತ್ತಾ ಹೋಗುತ್ತದೆ. ಕೆಲವೆಡೆ ಒಬ್ಬನು ಬಾಗಿ ಮಾತ್ರ ದಾಟಬಹುದು. ಶತ್ರು ಒಂದು ಸುತ್ತನ್ನು ಗೆದ್ದರೂ ಮುಂದಿನದು ಹೊಸ ಯುದ್ಧ. ಆದರೆ ಕೋಟೆಯ ನಿಜವಾದ ಜಾಣ್ಮೆ ನೀರಿನಲ್ಲಿದೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆನೀರು ಎಲ್ಲಿ ಹರಿಯುತ್ತದೆ ಎಂಬುದನ್ನು ನೋಡಿ, ಬಂಡೆಯ ಸಹಜ ತಗ್ಗುಗಳನ್ನು ದೊಣೆಗಳನ್ನಾಗಿ ಮಾಡಿಕೊಂಡಿದ್ದಾರೆ. ಇಂತಹವು 19 ಇವೆಯೆಂದು ಎಣಿಸುತ್ತಾರೆ. ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಮೇಲಿನವರು ಬಾಯಾರಿ ಶರಣಾಗಬಾರದು ಎಂಬುದು ಉದ್ದೇಶ. ಮಳೆಕೊಯ್ಲಿನ ಬಗ್ಗೆ ನಾವು ಕಾರ್ಖಾನೆಗಳಲ್ಲಿ ಫಲಕ ತೂಗುಹಾಕುವ ಮುನ್ನೂರು ವರ್ಷ ಮೊದಲೇ ಇದು ನಡೆದಿತ್ತು. ನೆತ್ತಿಯಲ್ಲಿ ಈಶ್ವರನ ಗುಡಿಯಿದೆ. ಅಲ್ಲಿಂದ ಭೈರಸಾಗರವನ್ನು ನೋಡಿದರೆ ಭಾರತದ ಭೂಪಟದ ಆಕಾರ ಕಾಣುತ್ತದೆಂದು ತೋರಿಸುತ್ತಾರೆ. ಮಳೆ ಚೆನ್ನಾಗಿ ಆದ ವರ್ಷ ಈ ಮಾತನ್ನು ನಂಬುವುದು ಸುಲಭ. ಊರಿನಲ್ಲಿ ಜೈನ ಬಸದಿಗಳೂ ಇವೆ.

ಇಷ್ಟೆಲ್ಲ ಇದ್ದೂ, ಮಧ್ಯಾಹ್ನ ಬೆಟ್ಟ ಇಳಿದ ಒಂದು ಕುಟುಂಬಕ್ಕೆ ಶುಚಿಯಾದ ಶೌಚಾಲಯ ಮತ್ತು ಬಾಳೆಲೆಯ ಊಟ ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳುವ ಒಂದು ಫಲಕವೂ ದಾರಿಯಲ್ಲಿ ಇರದಿದ್ದರೆ ಆ ಕುಟುಂಬ ಮತ್ತೆ ಬರುವುದಿಲ್ಲ. ಹೆದ್ದಾರಿಯಲ್ಲಿ ಇನ್ನೂ ಮುಂದೆ, 2025ರ ಸಂಪುಟ ಸಭೆಯಲ್ಲಿ ಭಾಗ್ಯನಗರವೆಂದು ಹೆಸರಿಸಲು ತೀರ್ಮಾನವಾದ ಬಾಗೇಪಲ್ಲಿಯ ತಾಲ್ಲೂಕಿನಲ್ಲಿ ಗುಮ್ಮನಾಯಕನಪಾಳ್ಯದ ಕೋಟೆಯಿದೆ. ಅಲ್ಲಿಗೆ ಹೋಗುವವರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಲೇಸು.

ಪೂರ್ವದ ದಾರಿ: ಶಿಡ್ಲಘಟ್ಟ, ಚಿಂತಾಮಣಿ

ಶಿಡ್ಲಘಟ್ಟದಲ್ಲಿ ಪಾಳೆಯಗಾರರ ಕಾಲದ ಕೋಟೆಗಿಂತ ಅವರ ಕಾಲದವೆಂದು ಹೇಳುವ ಗೌಡನ ಕೆರೆ, ಅಮ್ಮನ ಕೆರೆಗಳೇ ಹೆಚ್ಚು ಕಾಣುತ್ತವೆ. ಪ್ರವಾಸಿಗೆ ಇಲ್ಲಿ ತೋರಿಸಬೇಕಾದುದು ರೇಷ್ಮೆ. ಲ್ವಾರ್ ತೀರದ ತೂರ್ ಪಟ್ಟಣದಲ್ಲಿ ಹನ್ನೊಂದನೆಯ ಲೂಯಿ ದೊರೆ 1470ರಲ್ಲಿ ರೇಷ್ಮೆ ನೇಯ್ಗೆಯನ್ನು ಸ್ಥಾಪಿಸಿದನು. ಆ ಕಾಲದ ಅರಮನೆಗಳ ಪರದೆಗಳಿಗೆ ಅಲ್ಲಿಯ ರೇಷ್ಮೆ ಹೋಯಿತು. ಇಂದು ಆ ಅರಮನೆಗಳನ್ನು ನೋಡಲು ಬಂದವನು ಪರದೆಯ ಕಥೆಯನ್ನೂ ಕೇಳಿ ಹೋಗುತ್ತಾನೆ. ನಮ್ಮಲ್ಲಿ ಕಥೆ ಹಳೆಯದಲ್ಲ, ನಿತ್ಯ ನಡೆಯುತ್ತಿದೆ. ಗೂಡಿನ ಮಾರುಕಟ್ಟೆಯ ಹರಾಜು, ಚಂದ್ರಿಕೆಯಿಂದ ಬಿಡಿಸಿದ ಗೂಡುಗಳ ರಾಶಿ, ಬಿಸಿನೀರಿನ ಬೋಗುಣಿಯಿಂದ ಎಳೆ ಎದ್ದು ಬರುವ ನೂಲು ಬಿಚ್ಚಾಣಿಕೆ. ಇದನ್ನು ಕಾಣದ ನಗರದ ಮಕ್ಕಳೇ ಹೆಚ್ಚು. ರೀಲರುಗಳು ಬೆರಳೆಣಿಕೆಯ ಘಟಕಗಳನ್ನಾದರೂ ವಾರದಲ್ಲಿ ಎರಡು ದಿನ ಸಂದರ್ಶಕರಿಗೆ ತೆರೆದಿಡಲು ಸಾಧ್ಯವೇ ಎಂದು ಯೋಚಿಸಬೇಕು. ಕೆಲಸಗಾರರ ಕೈ, ಕೆಲಸದ ಮನೆಯ ಗಾಳಿ ಬೆಳಕು ಹೊರಗಿನವರ ಕಣ್ಣಿಗೆ ಬೀಳುವುದೆಂದರೆ ಸುಧಾರಣೆಯೂ ತಾನಾಗಿ ಆಗುತ್ತದೆ.

ಚಿಂತಾಮಣಿಯ ಸುತ್ತ ಎರಡು ದುರ್ಗಗಳು ಮುಖ್ಯವಾದವು. 4,399 ಅಡಿ ಎತ್ತರದ ಅಂಬಾಜಿದುರ್ಗವನ್ನೂ, 4,227 ಅಡಿ ಎತ್ತರದ ರಹಮಾನ್‌ಗಡವನ್ನೂ ಟಿಪ್ಪು ಭದ್ರಪಡಿಸಿದನು. ಮೂರನೆಯ ಮೈಸೂರು ಯುದ್ಧದಲ್ಲಿ ಎರಡೂ ಬ್ರಿಟಿಷರ ವಶವಾದವು. ಇವುಗಳಲ್ಲಿ ಪ್ರವಾಸಿ ಸೌಕರ್ಯವಿಲ್ಲ. ಗೋಡೆಗಳ ನಡುವೆ ಪೊದೆ ಬೆಳೆದಿದೆ. ಕೈವಾರದ ಮಾತು ಬೇರೆ. ಮಹಾಭಾರತದ ಏಕಚಕ್ರಪುರ ಇದೇ ಎಂಬ ಪ್ರತೀತಿಯ ಜೊತೆಗೆ, ಬಳೆ ಮಾರುವ ಕಸುಬಿನವರಾಗಿದ್ದು ಕಾಲಜ್ಞಾನಿಯಾದ ಯೋಗಿ ನಾರೇಯಣ ಯತೀಂದ್ರರ ಕ್ಷೇತ್ರವದು. ನಮ್ಮ ವರ್ತಕ ಸಮುದಾಯದ ಅಭಿಮಾನಕ್ಕೆ ಕಾರಣವೂ ಹೌದು. ಯಾತ್ರಿಕರು ಕೈವಾರಕ್ಕೆ, ಮುರುಗಮಲ್ಲದ ದರ್ಗಾಕ್ಕೆ, ಕೈಲಾಸಗಿರಿಯ ಗುಹೆಗಳಿಗೆ ಹೇಗೂ ಬರುತ್ತಿದ್ದಾರೆ. ಅವರಿಗೆ ದುರ್ಗಗಳ ದಾರಿ ತೋರಿಸುವವರಿಲ್ಲ.

ಗೌರಿಬಿದನೂರಿನ ಕಡೆ

ಉತ್ತರ ಪಿನಾಕಿನಿಯ ತೀರದ ಗೌರಿಬಿದನೂರಿನಲ್ಲಿ ನೋಡಬೇಕಾದುದು ಕೋಟೆಯಲ್ಲ, ಕೋಟೆಗಳ ಕಾಲ ಮುಗಿದ ಮೇಲಿನ ಒಂದು ಹೋರಾಟದ ನೆಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿಯೆಂದು ಜನರ ನೆನಪು; ಸರ್ಕಾರ ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ. ಆನಂತರ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜಕ್ಕೆ ಮನ್ನಣೆ ದೊರೆಯಿತು. ಸ್ಮಾರಕ, ವೀರಸೌಧದ ಚಿತ್ರಶಾಲೆ, ನಾಗರಕಲ್ಲುಗಳ ಸಾಲು ನೋಡಲು ಒಂದು ಗಂಟೆ ಸಾಕು. ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ದಾರಿಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಬೆಟ್ಟ ಕಿಟಕಿಯಿಂದಲೇ ಕಾಣುತ್ತದೆ.

ಎರಡು ದಿನದ ಕ್ರಮ

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ; ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಕಾಯುತ್ತದೆ. ಮೊದಲ ದಿನ ನಂದಿದುರ್ಗ, ಭೋಗನಂದೀಶ್ವರ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆ. ಸಂಜೆ ಚಿಕ್ಕಬಳ್ಳಾಪುರದಲ್ಲಿ ತಂಗುವುದು. ಎರಡನೆಯ ದಿನ ಬೆಳಗ್ಗೆ ಗುಡಿಬಂಡೆಗೆ ಹೋಗಿ, ಮರಳಿ ಶಿಡ್ಲಘಟ್ಟದ ಮೂಲಕ ಕೈವಾರ. ವಿದುರಾಶ್ವತ್ಥವನ್ನು ಸೇರಿಸುವುದಾದರೆ ಮೂರನೆಯ ದಿನ ಬೇಕು. ವಾಹನವಿಲ್ಲದವರಿಗೆ ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಎಂದು ಒಂದೇ ರೈಲುಮಾರ್ಗವಿದೆ. ಒಂದು ಶತಮಾನದ ಹಿಂದೆ ಕಿರುಮಾರ್ಗವಾಗಿ ಆರಂಭವಾದ ಈ ದಾರಿಯ ಚಿಕ್ಕಬಳ್ಳಾಪುರ–ಕೋಲಾರ ಭಾಗ 2013ರಲ್ಲಿ ಬ್ರಾಡ್‌ಗೇಜ್ ಆಯಿತು. ನಮ್ಮ ನಾಲ್ಕು ಊರುಗಳಲ್ಲಿ ಮೂರು ಈ ಹಳಿಯ ಮೇಲಿವೆ. ರೈಲಿನ ವೇಳೆಯನ್ನು ಪ್ರವಾಸಿಗೆ ಹೊಂದಿಸುವಂತೆ ಕೇಳುವ ಹಕ್ಕು ವಾಣಿಜ್ಯ ಸಂಸ್ಥೆಗಳಿಗಿದೆ.

ನಮ್ಮ ಲೆಕ್ಕಕ್ಕೆ ಬರುವುದೇನು?

ನಾಲ್ವರ ಒಂದು ಕುಟುಂಬ ಬೆಳಗ್ಗೆ ಬಂದು ಬೆಳಗ್ಗೆಯೇ ಹೋದರೆ ಜಿಲ್ಲೆಯಲ್ಲಿ ಉಳಿಯುವುದು ಕಾಫಿ, ತಿಂಡಿ, ವಾಹನ ನಿಲುಗಡೆಯ ಹಣ. ಅದೇ ಕುಟುಂಬ ಒಂದು ರಾತ್ರಿ ತಂಗಿದರೆ ಕೋಣೆ ಬಾಡಿಗೆ, ನಾಲ್ಕು ಹೊತ್ತಿನ ಊಟ, ಡೀಸೆಲ್, ಮಾರ್ಗದರ್ಶಿಯ ಕೂಲಿ, ಕೈಗೆ ಒಂದು ಬುಟ್ಟಿ ದ್ರಾಕ್ಷಿ, ಮನೆಗೆ ಒಂದು ರೇಷ್ಮೆ ವಸ್ತ್ರ. ಬಂದವರ ಸಂಖ್ಯೆ ಹೆಚ್ಚಬೇಕೆಂದು ಕೇಳುವುದಕ್ಕಿಂತ ಬಂದವರು ಉಳಿಯುವಂತೆ ಮಾಡುವುದು ಲಾಭಕರ. ನಂದಿಬೆಟ್ಟಕ್ಕಂತೂ ಇನ್ನಷ್ಟು ಜನರನ್ನು ತಾಳುವ ಶಕ್ತಿಯಿಲ್ಲ. 2023ರ ಜನವರಿಯಲ್ಲಿ ಆವಲಗುರ್ಕಿಯ ಬಳಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಸಂಜೆಯ ಹೊತ್ತಿಗೂ ಜನ ಬರುತ್ತಿದ್ದಾರೆ. ಬೆಳಗ್ಗೆ ನಂದಿ, ಸಂಜೆ ಆವಲಗುರ್ಕಿ. ನಡುವಣ ಇಡೀ ಹಗಲು ಖಾಲಿ. ಆ ಹಗಲೇ ನಮ್ಮ ಅಂಗಡಿ.

ದ್ರಾಕ್ಷಿಯ ವಿಷಯದಲ್ಲಿ ಫ್ರಾನ್ಸಿನ ನಂಟು ನಮಗೆ ಈಗಾಗಲೇ ಇದೆ. 1980ರ ದಶಕದಲ್ಲಿ ಗ್ರೋವರ್ ಸಂಸ್ಥೆಯು ಫ್ರೆಂಚ್ ತಜ್ಞರ ನೆರವಿನಿಂದ ನಂದಿಯ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಫ್ರೆಂಚ್ ತಳಿಗಳನ್ನು ನೆಟ್ಟಿತು. ರಾಜ್ಯದ ದ್ರಾಕ್ಷಾರಸ ನೀತಿ ನಂದಿ ಕಣಿವೆಯನ್ನು ಒಂದು ಪ್ರತ್ಯೇಕ ವಲಯವೆಂದು ಗುರುತಿಸಿದೆ. ನಮ್ಮ ರೈತರು ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಷ್ಟಿದ್ದೂ ತೋಟದ ಬಾಗಿಲಲ್ಲಿ ಹಣ್ಣು, ರಸ, ಒಣದ್ರಾಕ್ಷಿ ಮಾರುವ ಅಚ್ಚುಕಟ್ಟಾದ ಮಳಿಗೆಗಳು ಕಡಿಮೆ.

ಹಣ ಹೂಡಲು ಹೊರಟವರು ಕಾನೂನನ್ನೂ ತಿಳಿದಿರಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಪೂರ್ವಾನುಮತಿ ಬೇಕು. 2010ರ ತಿದ್ದುಪಡಿಯ ನಂತರ ಇದು ಕಟ್ಟುನಿಟ್ಟಾಗಿದೆ. ಬೆಟ್ಟದ ಇಳಿಜಾರು ಅರಣ್ಯವಾಗಿದ್ದರೆ ಅದರ ನಿಯಮ ಬೇರೆ. ಆದುದರಿಂದ ಕೋಣೆಗಳನ್ನು ಕೋಟೆಯ ಬುಡದಲ್ಲಿ ಕಟ್ಟುವುದಕ್ಕಿಂತ ಪೇಟೆಯಲ್ಲಿರುವ ಹಳೆಯ ತೊಟ್ಟಿಮನೆಗಳನ್ನು ದುರಸ್ತಿ ಮಾಡಿ ಹೋಂಸ್ಟೇಗಳಾಗಿ ನೋಂದಾಯಿಸುವುದು ಸುಲಭವೂ ಶೋಭಾಯಮಾನವೂ ಆಗಿರುತ್ತದೆ.

ಇನ್ನೊಂದು ಮಾತು ಕೆಲವು ಸದಸ್ಯರಿಗೆ ಹಿತವೆನಿಸದಿರಬಹುದು. ಈ ಜಿಲ್ಲೆಯಲ್ಲಿ ಕಲ್ಲು ಒಂದು ದೊಡ್ಡ ವ್ಯಾಪಾರ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ಸತ್ತದ್ದು ಯಾರಿಗೂ ಮರೆತಿಲ್ಲ. ಸಿಡಿತದ ಕಂಪನ ಗಾರೆಯಿಲ್ಲದೆ ಜೋಡಿಸಿದ ಹಳೆಯ ಗೋಡೆಗಳಿಗೆ ಏನು ಮಾಡುತ್ತದೆಂಬುದನ್ನು ಕಲ್ಲಿನ ಕೆಲಸ ಬಲ್ಲವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಜಲ್ಲಿಯಾಗಿ ಮಾರಿದ ಬೆಟ್ಟಕ್ಕೆ ಒಮ್ಮೆ ಬೆಲೆ ಬರುತ್ತದೆ. ದುರ್ಗಗಳಿರುವ ಬೆಟ್ಟಗಳನ್ನೂ ಅವುಗಳ ನೆರೆಯ ಗುಡ್ಡಗಳನ್ನೂ ಬಿಟ್ಟು ಗುತ್ತಿಗೆ ಕೇಳುವುದೆಂದು ಕ್ವಾರಿ ಮಾಲೀಕರ ಸಂಘವೇ ಮುಂದಾಗಿ ತೀರ್ಮಾನಿಸಿದರೆ ಅದಕ್ಕಿಂತ ಗೌರವದ ಕೆಲಸವಿಲ್ಲ. ನಿಧಿಯಾಸೆಗೆ ಗುಡಿಗಳ ಕೆಳಗೆ ಅಗೆಯುವವರ ಹಾವಳಿಯನ್ನು ತಡೆಯುವುದಕ್ಕೂ ಹಗಲು ಹೊತ್ತು ಜನ ಓಡಾಡುವುದೇ ಒಳ್ಳೆಯ ಕಾವಲು.

ಸ್ಮಾರಕಗಳನ್ನು ದತ್ತು ಪಡೆಯಲು ಕೇಂದ್ರ ಸರ್ಕಾರ 2017ರಲ್ಲಿ ಯೋಜನೆಯನ್ನು ತಂದಿತು. ನಮ್ಮ ರಾಜ್ಯದಲ್ಲಿಯೂ ‘ನಮ್ಮ ಸ್ಮಾರಕ’ ಎಂಬ ಹೆಸರಿನ ದತ್ತು ಯೋಜನೆಯಿದೆ. ಪರಂಪರೆಯ ರಕ್ಷಣೆಗೆ ಮಾಡಿದ ವೆಚ್ಚವನ್ನು 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಬಾಬ್ತಿಗೆ ಸೇರಿಸಬಹುದು. ದೊಡ್ಡ ಕಂಪನಿಗಳು ಹಂಪಿ, ಬಾದಾಮಿಗಳ ಕಡೆಗೆ ನೋಡುತ್ತವೆ. ಗುಡಿಬಂಡೆ, ರಹಮಾನ್‌ಗಡಗಳ ಕಡೆಗೆ ನೋಡಬೇಕಾದವರು ಇಲ್ಲಿಯವರೇ. ದತ್ತು ಎಂದೊಡನೆ ಲಕ್ಷಾಂತರ ರೂಪಾಯಿಯ ಕಲ್ಪನೆ ಬೇಡ. ಪೇರೇಸಂದ್ರದ ತಿರುವಿನಲ್ಲಿ ಒಂದು ಫಲಕ, ಗುಡಿಬಂಡೆಯ ಬುಡದಲ್ಲಿ ನಿರ್ವಹಣೆಯುಳ್ಳ ಒಂದು ಶೌಚಾಲಯ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಕಣಿವೆಯ ಒಂದು ನಕ್ಷೆ, ಆ ನಕ್ಷೆಯನ್ನು ಓದಿ ಹೇಳಬಲ್ಲ ಹತ್ತು ಮಂದಿ ಸ್ಥಳೀಯ ಯುವಕ ಯುವತಿಯರಿಗೆ ಒಂದು ವಾರದ ತರಬೇತಿ. ಇಷ್ಟನ್ನು ಬರುವ ಅಕ್ಟೋಬರ್‌ಗೆ ಮುನ್ನ, ಚಾರಣದ ಕಾಲ ಆರಂಭವಾಗುವುದರೊಳಗೆ ಮುಗಿಸಬಹುದು.